ಮಗನನ್ನು ಮಗನೆಂದು ಕರೆಯಲಾಗದ ತಾಯಿ

ಮಾಂಟೆಸ್ಸರಿ ಶಾಲೆಗೆ ನಿಮ್ಮ ಮಗುವನ್ನೋ ಮೊಮ್ಮಗುವನ್ನೋ ನೀವು ಕೈಹಿಡಿದು ಬಿಟ್ಟುಬಂದಿರಬಹುದು. ಆ ಹೆಸರು ಇಟಲಿಯ ಒಬ್ಬ ಕಥೋಲಿಕ ಮಹಿಳೆಯದು. ಲೋಕದ ಮಕ್ಕಳ ಮನಸ್ಸನ್ನು ಅರಿತ ಆಕೆ ತನ್ನ ಒಬ್ಬನೇ ಮಗನ ಬಾಲ್ಯದಲ್ಲಿ ಅವನ ಜೊತೆಗಿರಲಿಲ್ಲ ಎಂಬುದು ನಿಮಗೆ ತಿಳಿದಿದೆಯೇ?

ಮರಿಯ ಮಾಂಟೆಸ್ಸರಿ ಹುಟ್ಟಿದ್ದು 1870ರಲ್ಲಿ. ಹೆಣ್ಣು ವೈದ್ಯಳಾಗುವುದು ಅಪರೂಪವಾಗಿದ್ದ ಆ ಕಾಲದಲ್ಲಿ, ತಂದೆಯ ಅಸಮಾಧಾನವನ್ನೂ ಸಹಿಸಿ, 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಬುದ್ಧಿ ಬೆಳೆಯದ ಮಕ್ಕಳ ಸೇವೆಯಲ್ಲಿದ್ದಾಗ ಸಹವೈದ್ಯ ಜುಸೆಪ್ಪೆ ಮೊಂತೆಸಾನೊ ಅವರೊಡನೆ ಸ್ನೇಹ ಬೆಳೆಯಿತು. 1898ರ ಮಾರ್ಚ್ 31ರಂದು ಮಾರಿಯೊ ಹುಟ್ಟಿದ. ಮದುವೆಯಾಗಿರಲಿಲ್ಲ.

ತೀರ್ಪು ಕೊಡುವ ಮುನ್ನ ಆಕೆಯ ಮುಂದಿದ್ದ ದಾರಿಗಳನ್ನು ನೋಡಿರಿ. ಮದುವೆಯಾದರೆ ವೃತ್ತಿ ಬಿಡಬೇಕು. ಮದುವೆಯಿಲ್ಲದೆ ಮಗು ತನ್ನದೆಂದರೆ ಮಾನವೂ ಹೋಗುತ್ತದೆ, ವೃತ್ತಿಯೂ ಹೋಗುತ್ತದೆ. ಮಗು ಹಳ್ಳಿಯ ಸಾಕುಮನೆ ಸೇರಿತು. ತಾಯಿ ಆಗಾಗ ಹೋಗಿ ನೋಡುತ್ತಿದ್ದರು, ತಾನು ಯಾರೆಂದು ಹೇಳದೆ! 1901ರಲ್ಲಿ ಮೊಂತೆಸಾನೊ ಬೇರೊಬ್ಬರನ್ನು ಮದುವೆಯಾದರು. ಅವರ ವೃತ್ತಿಗೆ ಯಾವ ಕುಂದೂ ಬರಲಿಲ್ಲ ಎಂಬುದನ್ನು ಗಂಡಸರಾದ ನಾವು ಗಮನಿಸಬೇಕು. ತಪ್ಪು ಇಬ್ಬರದು, ದಂಡ ಒಬ್ಬಳದು. ಏನೂ ಅರಿಯದ ಮಗು ಇನ್ನೂ ಹೆಚ್ಚು ತೆತ್ತಿತು.

1907ರ ಜನವರಿ 6, ಮೂರು ರಾಯರ ಹಬ್ಬದ ದಿನ, ರೋಮಿನ ಸಾನ್ ಲೊರೆಂಜೊ ಎಂಬ ಬಡಜನರ ಬಡಾವಣೆಯಲ್ಲಿ ಆಕೆಯ ಮೊದಲ ಮಕ್ಕಳ ಮನೆ ತೆರೆಯಿತು. ಕೂಲಿಕಾರರ ಸುಮಾರು 50 ಮಕ್ಕಳು ಅಲ್ಲಿ ಕಲಿತರು. ಅಂದು ಮಾರಿಯೊಗೆ ಎಂಟು ವರ್ಷ. ಅವನಿದ್ದದ್ದು ಬೇರೆಯವರ ಆಶ್ರಯದಲ್ಲಿ.

ಈ ಅಗಲಿಕೆಯೇ ಆಕೆಯನ್ನು ಮಕ್ಕಳ ಗುರುವನ್ನಾಗಿಸಿತು, ಎಲ್ಲವೂ ದೇವರ ಯೋಜನೆ ಎನ್ನುವವರುಂಟು. ನನಗದು ಒಪ್ಪಿಗೆಯಿಲ್ಲ. ಮಗ ಹುಟ್ಟುವ ಮೊದಲೇ ಆಕೆ ಮಕ್ಕಳ ಸೇವೆಗೆ ಇಳಿದಿದ್ದರು. ಕೆಡುಕಿನಿಂದಲೂ ದೇವರು ಒಳಿತನ್ನು ತರಬಲ್ಲರೆಂದು ಸಂತ ಅಗುಸ್ತೀನರು ಕಲಿಸಿದ್ದು ನಿಜ. ಹಾಗೆಂದು ಒಂದು ಮಗುವಿನ ಅಳು ಅವರ ಚಿತ್ತವೆನ್ನಲಾದೀತೇ?

1912ರಲ್ಲಿ ಮರಿಯ ಅವರ ತಾಯಿ ತೀರಿಕೊಂಡರು. ಮರುವರ್ಷ ಹದಿನೈದರ ಮಾರಿಯೊ ತಾಯಿಯ ಬಳಿ ಬಂದ. ದೂರುವ ಹಕ್ಕು ಅವನಿಗಿತ್ತು. ಆದರೆ ಅವನು ತನ್ನ ಬದುಕನ್ನೇ ಆಕೆಯ ಕೆಲಸಕ್ಕೆ ಮುಡಿಪಾಗಿಟ್ಟ. ಜನರೆದುರು ಮಾತ್ರ ಸೋದರಳಿಯ, ಇಲ್ಲವೇ ದತ್ತುಪುತ್ರ!

1939ರಲ್ಲಿ ಇಬ್ಬರೂ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಬಂಧನದಲ್ಲಿಟ್ಟಿತು. 1940ರ ಆಗಸ್ಟ್ 31, ಮರಿಯ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸರಾಯರಿಂದ ತಂತಿ ಬಂತು: ಉಡುಗೊರೆಯಾಗಿ ಆಕೆಯ ಮಗನನ್ನು ಬಿಡುಗಡೆ ಮಾಡಲಾಗಿದೆ ಎಂದು. ನಲವತ್ತೆರಡು ವರ್ಷ ಆಕೆ ಬಚ್ಚಿಟ್ಟ ಪದವನ್ನು ಪರದೇಶದ ಸರ್ಕಾರ ಕಾಗದದ ಮೇಲೆ ಬರೆದಿತ್ತು.

1952ರ ಮೇ 6ರಂದು ಹಾಲೆಂಡಿನ ನೋರ್ಡ್‌ವೈಕ್‌ನಲ್ಲಿ ಮರಿಯ ತೀರಿಕೊಂಡರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲೇ ಮಣ್ಣಾದರು. ಆಕೆಯ ಉಯಿಲಿನಲ್ಲಿ ಮಾರಿಯೊ ಸೋದರಳಿಯನೂ ಅಲ್ಲ, ದತ್ತುಪುತ್ರನೂ ಅಲ್ಲ. ಮಗ ಎಂದೇ ಬರೆದಿದ್ದರು.