ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತು ಚದುರಂಗ

ಶ್ರೀರಂಗಪಟ್ಟಣದಲ್ಲಿ 1794ರಲ್ಲಿ ಜನಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ, ಐದರ ಎಳೆಯ ವಯಸ್ಸಿನಲ್ಲಿಯೇ, ಮೈಸೂರಿನ ಸಿಂಹಾಸನವನ್ನೇರಿದರು. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ಅವರಿಂದ ಕಿತ್ತುಕೊಂಡರು. ಪಟ್ಟ ಉಳಿಯಿತು, ಅಧಿಕಾರ ಉಳಿಯಲಿಲ್ಲ.

ಅರಸರು ಎದೆಗುಂದದೆ ವಿದ್ಯೆ ಕಲೆಗಳಲ್ಲಿ ಮನಸ್ಸಿಟ್ಟರು. ಅವರು ಸಿದ್ಧಗೊಳಿಸಿದ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಇಂದು ಕೇರಳದ ರವಿವರ್ಮರ ಚಿತ್ರಗಳಿರುವ ಜಗನ್ಮೋಹನ ಅರಮನೆಯೂ ಅವರು 1861ರಲ್ಲಿ ಕಟ್ಟಿಸಿದುದು.

ಗೆಳೆಯರೊಡನೆ ಚದುರಂಗವಾಡುವ ವಿದ್ಯಾರ್ಥಿಗಳು ಅವರ ಒಂದು ಸಾಧನೆಯನ್ನು ಅರಿಯಬೇಕು. ಕುದುರೆಯು ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿಬರುವ ನಡೆಗಳನ್ನು ಅವರು ರಚಿಸಿದರು. ಅವುಗಳಲ್ಲೊಂದರಲ್ಲಿ, ಮೆಟ್ಟಿದ ಕ್ರಮದಂತೆ ಮನೆಗಳಿಗೆ 1ರಿಂದ 64ರ ವರೆಗೆ ಅಂಕೆಯಿಟ್ಟರೆ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ 260, ಪ್ರತಿಯೊಂದು ಉದ್ದಸಾಲಿನ ಮೊತ್ತವೂ 260. ಒಂದು ನಡೆ ತಪ್ಪಿದರೂ ಲೆಕ್ಕವೆಲ್ಲ ಕೆಡುವುದು.

ರಾಜ್ಯದ ವಿಷಯದಲ್ಲಿಯೂ ಅವರದು ಅದೇ ತಾಳ್ಮೆ. ಕತ್ತಿ ಹಿಡಿಯದೆ ಮನವಿಗಳ ಮೇಲೆ ಮನವಿ ಕಳುಹಿಸುತ್ತಲೇ ಇದ್ದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. 1867ರಲ್ಲಿ ಬ್ರಿಟಿಷ್ ಸರ್ಕಾರ ಆ ದತ್ತುಪುತ್ರರ ಹಕ್ಕನ್ನು ಒಪ್ಪಿತು. ಮರುವರ್ಷ ಅರಸರು ಕಾಲವಾದರು. 1881ರಲ್ಲಿ ರಾಜ್ಯವು ಚಾಮರಾಜೇಂದ್ರರ ಕೈಸೇರಿತು.

ತಾವು ಕಾಣದ ಗೆಲುವಿಗಾಗಿ ಕೊನೆಯವರೆಗೂ ಎಚ್ಚರದಿಂದ ನಡೆಯಿಟ್ಟ ಆ ಹಿರಿಯರು ನಮಗೆ ಆದರ್ಶಪ್ರಾಯರು.