ಊ ನು ಮತ್ತು ಬರ್ಮಾದ ಪರ್ಯಾಯ ಸರ್ಕಾರ

ಆಧುನಿಕ ಬರ್ಮಾದ ಚರಿತ್ರೆಯಲ್ಲಿ ಊ ನು ಅವರ ಹೆಸರು ಆ ದೇಶದ ಸ್ವಾತಂತ್ರ್ಯದೊಂದಿಗೂ, ಆ ಸ್ವಾತಂತ್ರ್ಯವು ಸೈನ್ಯದ ವಶವಾದ ದುರಂತದೊಂದಿಗೂ ಹೆಣೆದುಕೊಂಡಿದೆ. ‘ಊ’ ಎಂಬುದು ಬರ್ಮೀ ಭಾಷೆಯ ಗೌರವಸೂಚಕ ಪದ; ‘ನು’ ಎಂಬುದಷ್ಟೇ ಅವರ ಹೆಸರು. 1907ರ ಮೇ 25ರಂದು ಐರಾವತಿ ನದಿಯ ಮುಖಜಭೂಮಿಯಲ್ಲಿರುವ ವಾಕೇಮಾದಲ್ಲಿ ಜನಿಸಿದ ಅವರು, 1929ರಲ್ಲಿ ರಂಗೂನ್ ವಿಶ್ವವಿದ್ಯಾಲಯದ ಪದವೀಧರರಾಗಿ ಕೆಲಕಾಲ ಶಾಲಾ ಅಧ್ಯಾಪಕರಾಗಿದ್ದರು. ಆಂಗ್ ಸಾನ್ ಅವರೊಡನೆ 1936ರ ವಿದ್ಯಾರ್ಥಿ ಮುಷ್ಕರದ ಮುಂಚೂಣಿಯಲ್ಲಿದ್ದರು. ಮರುವರ್ಷ ‘ನಗಾನಿ’ ಎಂಬ ಪುಸ್ತಕ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡು ರಾಜಕೀಯ ಸಾಹಿತ್ಯವನ್ನು ಬರ್ಮೀ ಓದುಗರಿಗೆ ತಲುಪಿಸಿದರು. ನಾಟಕಕಾರರಾಗಿ, ಅನುವಾದಕರಾಗಿಯೂ ಅವರು ಪ್ರಸಿದ್ಧರು.

1947ರ ಜುಲೈ 19ರಂದು ಆಂಗ್ ಸಾನ್ ಹತ್ಯೆಗೀಡಾದಾಗ ನಾಯಕತ್ವದ ಹೊಣೆ ಅನಿರೀಕ್ಷಿತವಾಗಿ ನು ಅವರ ಮೇಲೆ ಬಿದ್ದಿತು. 1948ರ ಜನವರಿ 4ರಂದು ಅವರು ಸ್ವತಂತ್ರ ಬರ್ಮಾದ ಪ್ರಥಮ ಪ್ರಧಾನಿಯಾದರು. ಕಮ್ಯುನಿಸ್ಟರ ಹಾಗೂ ಕರೆನ್ ಜನರ ಬಂಡಾಯಗಳ ನಡುವೆಯೂ ಸಂಸದೀಯ ವ್ಯವಸ್ಥೆಯನ್ನು ಉಳಿಸಿಕೊಂಡುದು ಅವರ ಸಾಧನೆ. ಆದರೆ 1958ರಲ್ಲಿ ಆಡಳಿತ ಪಕ್ಷ ಒಡೆದಾಗ, ಉಸ್ತುವಾರಿ ಸರ್ಕಾರ ರಚಿಸುವಂತೆ ಸೇನಾಪತಿ ನೆ ವಿನ್ ಅವರನ್ನು ಆಹ್ವಾನಿಸಿದವರೂ ಅವರೇ. 1960ರ ಚುನಾವಣೆಯಲ್ಲಿ ನು ಭಾರಿ ಬಹುಮತದಿಂದ ಗೆದ್ದರು. ಸೈನ್ಯ ಆಗ ಅಧಿಕಾರವನ್ನು ಹಿಂದಿರುಗಿಸಿತು. 1962ರ ಮಾರ್ಚ್ 2ರಂದು ಅದೇ ಸೇನಾಪತಿ ಯಾರ ಆಹ್ವಾನಕ್ಕೂ ಕಾಯಲಿಲ್ಲ. ಸಂಸತ್ತು ವಿಸರ್ಜನೆಗೊಂಡಿತು, ನು 1966ರವರೆಗೆ ಬಂಧನದಲ್ಲಿದ್ದರು.

ಬಿಡುಗಡೆಯ ನಂತರದ ಅವರ ಬದುಕೆಲ್ಲ ಒಂದೇ ವಾದದ ಮೇಲೆ ನಿಂತಿತು. ಜನರು ಮತದ ಮೂಲಕ ನೀಡಿದ ಅಧಿಕಾರವನ್ನು ಬಂದೂಕು ರದ್ದುಗೊಳಿಸಲಾರದು; ಆದುದರಿಂದ ಕಾನೂನಿನ ದೃಷ್ಟಿಯಲ್ಲಿ ತಾವೇ ಪ್ರಧಾನಿ ಎಂಬುದು ಆ ವಾದ. 1969ರಲ್ಲಿ ದೇಶ ಬಿಟ್ಟು ಭಾರತಕ್ಕೆ ಬಂದ ಅವರು, ಅದೇ ವರ್ಷ ಆಗಸ್ಟ್ 29ರಂದು ಲಂಡನ್ನಿನಲ್ಲಿ ಇದನ್ನು ಬಹಿರಂಗವಾಗಿ ಘೋಷಿಸಿದರು. ಅನಂತರ ಥಾಯ್ಲೆಂಡಿನಲ್ಲಿ ನೆಲೆಸಿ ಸಂಸದೀಯ ಪ್ರಜಾಪ್ರಭುತ್ವ ಪಕ್ಷದ ಮೂಲಕ ಸಶಸ್ತ್ರ ಪ್ರತಿರೋಧಕ್ಕೆ ಮುಂದಾದರು. 1970ರಲ್ಲಿ ಕರೆನ್ ಮತ್ತು ಮೋನ್ ಸಂಘಟನೆಗಳೊಡನೆ ಒಕ್ಕೂಟ ಏರ್ಪಟ್ಟಿತು. ಈ ಜನಾಂಗಗಳಿಗೆ ಪ್ರತ್ಯೇಕಗೊಳ್ಳುವ ಹಕ್ಕು ಇರಬೇಕೆ ಎಂಬ ಪ್ರಶ್ನೆ ಎದುರಾದಾಗ ನು ಒಪ್ಪದೆ 1972ರಲ್ಲಿ ನಾಯಕತ್ವ ತೊರೆದರು. ಪರ್ಯಾಯ ಸರ್ಕಾರದ ಕನಸು ಮುರಿಯಲು ಶತ್ರುವಿನ ಬಲದಷ್ಟೇ ಈ ಒಳಗಿನ ಬಿಕ್ಕಟ್ಟೂ ಕಾರಣವಾಯಿತೆಂಬುದು ಗಮನಾರ್ಹ. 1974ರಿಂದ ಭೋಪಾಲ್ ನಗರ ಅವರಿಗೆ ಆಶ್ರಯವಾಯಿತು. 1980ರಲ್ಲಿ ಕ್ಷಮಾದಾನದ ಮೇರೆಗೆ ತಾಯ್ನಾಡಿಗೆ ಮರಳಿ ಬೌದ್ಧ ಗ್ರಂಥಗಳ ಅನುವಾದ ಕಾರ್ಯದಲ್ಲಿ ತೊಡಗಿದರು.

1988ರ ಜನದಂಗೆಯ ನಡುವೆ, ಸೆಪ್ಟೆಂಬರ್ 9ರಂದು, 81ರ ವಯಸ್ಸಿನ ನು ಮತ್ತೆ ತಮ್ಮ ಸರ್ಕಾರವನ್ನು ಘೋಷಿಸಿದರು. ಆಂಗ್ ಸಾನ್ ಅವರ ಪುತ್ರಿ ಸೂ ಚಿ ಸೇರಿದಂತೆ ವಿರೋಧಪಕ್ಷದ ಪ್ರಮುಖರು ಬೆಂಬಲಿಸಲಿಲ್ಲ. ಬೀದಿಗಿಳಿದಿದ್ದ ತರುಣರಲ್ಲಿ ಬಹುಮಂದಿ 1960ರಲ್ಲಿ ಹುಟ್ಟಿಯೇ ಇರಲಿಲ್ಲ. ಆ ಚುನಾವಣೆಯ ಜನಾದೇಶ ಅವರ ಪಾಲಿಗೆ ಕೇಳಿದ ಕಥೆಯಾಗಿತ್ತು. ಸೆಪ್ಟೆಂಬರ್ 18ರಂದು ಸೈನ್ಯ ಮತ್ತೊಮ್ಮೆ ನೇರವಾಗಿ ಅಧಿಕಾರ ಹಿಡಿಯಿತು. ಪರ್ಯಾಯ ಸರ್ಕಾರವನ್ನು ವಿಸರ್ಜಿಸಲು ಒಪ್ಪದ ನು ಅವರನ್ನು 1989ರ ಡಿಸೆಂಬರಿನಿಂದ 1992ರ ಏಪ್ರಿಲ್‌ವರೆಗೆ ಗೃಹಬಂಧನದಲ್ಲಿರಿಸಲಾಯಿತು. 1995ರ ಫೆಬ್ರುವರಿ 14ರಂದು ಅವರು ನಿಧನರಾದರು.

2021ರ ಫೆಬ್ರುವರಿಯ ಸೈನಿಕ ಕ್ರಾಂತಿಯ ನಂತರ, ಅದೇ ಏಪ್ರಿಲ್‌ನಲ್ಲಿ ರಚಿತವಾದ ರಾಷ್ಟ್ರೀಯ ಏಕತಾ ಸರ್ಕಾರವೂ ಚುನಾಯಿತರ ಹಕ್ಕನ್ನೇ ಆಧಾರವಾಗಿಸಿಕೊಂಡಿತು. ಆದರೆ ಅದರೊಡನೆ ಎಲ್ಲ ಜನಾಂಗಗಳ ಸಂಯುಕ್ತ ಪ್ರಜಾಪ್ರಭುತ್ವದ ವಚನವನ್ನೂ ನೀಡಿತು. ನು ಅವರು ಕೊನೆಯವರೆಗೂ ಬಿಡದ ವಾದವೂ, ಅವರು ಉತ್ತರಿಸಲಾಗದೆ ಉಳಿಸಿಹೋದ ಪ್ರಶ್ನೆಯೂ ಹೀಗೆ ಒಟ್ಟಿಗೇ ಮುಂದಿನ ತಲೆಮಾರಿನ ಪಾಲಿಗೆ ಬಂದವು.