ಹೋಬಳಿಗೊಂದು ಪಾಠಶಾಲೆ: ಬಿ. ಎಲ್. ರೈಸ್ ಸಾಹೇಬರ ಜೀವಿತವು

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಸಹೋದರಿಯರಲ್ಲಿ ದೇವನಹಳ್ಳಿ ತಾಲ್ಲೂಕಿನ ಕುಂದಾಣ ಹೋಬಳಿಯ ಹಳ್ಳಿಗಳವರೂ ಕೆಲವರುಂಟು. ಹೊಯ್ಸಳ ರಾಮನಾಥನ ಶಾಸನಗಳಲ್ಲಿ ಬರುವ ಕುಂದಾಣಿ ಈ ಕುಂದಾಣವೇ ಎಂದು ಕೆಲವರೂ, ಹೊಸೂರಿನ ಕಡೆಯ ಊರೆಂದು ಮತ್ತೆ ಕೆಲವರೂ ಹೇಳುವರು. ಆ ವಾದವನ್ನು ಪಂಡಿತರಿಗೆ ಬಿಟ್ಟು, ಕುಂದಾಣವು ಒಂದು ಹೋಬಳಿಯ ಮುಖ್ಯಸ್ಥಾನವೆಂಬ ಮಾತನ್ನಷ್ಟೇ ನಾವು ಇಲ್ಲಿ ನೆನೆಯುತ್ತೇವೆ. ಏಕೆಂದರೆ ಇಂಥ ಪ್ರತಿಯೊಂದು ಹೋಬಳಿಗೂ ಒಂದು ಪಾಠಶಾಲೆ ಇರಬೇಕೆಂದು ಮೈಸೂರು ಸೀಮೆಯಲ್ಲಿ ಯೋಜನೆ ಹಾಕಿದ ಮಹನೀಯರ ಜೀವಿತವನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಬೆಂಜಮಿನ್ ಲೂಯಿಸ್ ರೈಸ್ ಅವರು 1837ನೆಯ ಇಸವಿ ಜುಲೈ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆಯವರಾದ ಬೆಂಜಮಿನ್ ರೈಸ್ ಉಪದೇಶಿಗಳು ಲಂಡನ್ ಮಿಷನ್ ಸಂಘದ ಪರವಾಗಿ ಅದೇ ವರ್ಷ ಬೆಂಗಳೂರಿಗೆ ಬಂದು, 1887ರಲ್ಲಿ ತೀರಿಕೊಳ್ಳುವ ವರೆಗೆ ಐವತ್ತು ವರ್ಷಗಳ ಕಾಲ ಕನ್ನಡ ಜನರ ನಡುವೆ ಸೇವೆ ಮಾಡಿದರು. ಕನ್ನಡ ಸತ್ಯವೇದವನ್ನು ತಿದ್ದುವ ಕಾರ್ಯದಲ್ಲಿಯೂ ಅವರ ಕೈಯಿತ್ತು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಅವರ ಹೆಸರನ್ನು ಇಂದಿಗೂ ಉಳಿಸಿದೆ. ತಾಯಿಯವರು ಶ್ರೀಮತಿ ಸೂಯೆಲ್ ಎಂಬ ಜೊತೆಗಾರ್ತಿಯೊಡನೆ 1840ರ ನಂತರದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಓದಿದ ಹೆಣ್ಣು ಬೇಗನೆ ಗಂಡನನ್ನು ಕಳೆದುಕೊಳ್ಳುವಳೆಂದು ಜನರು ನಂಬಿದ್ದ ಕಾಲವದು. ಅಂಥ ಕಾಲದಲ್ಲಿ ಕೆಲವೇ ಮಂದಿ ಹುಡುಗಿಯರನ್ನು ಕೂಡಿಸಿಕೊಂಡು ಅಕ್ಷರ, ಹೊಲಿಗೆ, ವೇದಪಾಠಗಳನ್ನು ಕಲಿಸುವುದೆಂದರೆ ಸಣ್ಣ ಸಾಹಸವಲ್ಲ. ಹೀಗೆ ಕನ್ನಡವೂ ಪಾಠಶಾಲೆಯೂ ಬಾಲಕನಿಗೆ ಮನೆಯಂಗಳದ ಸಂಗತಿಗಳೇ ಆಗಿದ್ದವು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಹಿಂದಿರುಗಿದ ರೈಸ್ ಸಾಹೇಬರು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾದುದು ಇದೇ ಶಾಲೆ. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಲಾರಂಭಿಸಿದರು. ಆಗ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠಗಳು. ಜಗಲಿಯ ಮೇಲೆಯೋ ಗುಡಿಯ ಮಂಟಪದಲ್ಲಿಯೋ ಐಗಳು ಹುಡುಗರನ್ನು ಕೂಡಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು; ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಸರಕಾರದ ಶಾಲೆಗಳೆಲ್ಲ ಪಟ್ಟಣಗಳಲ್ಲಿದ್ದು, ಉಳುವವನ ಮಗನಿಗೆ ಅವು ದೂರವಾಗಿದ್ದವು.

ಬೌರಿಂಗ್ ಸಾಹೇಬರು ಮೈಸೂರಿನ ಕಮಿಷನರಾಗಿದ್ದಾಗ, 1868ರಲ್ಲಿ, ರೈಸ್ ಸಾಹೇಬರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಅದರ ತಿರುಳು ಸರಳವಾದುದು. ಹೋಬಳಿಗೊಂದು ಶಾಲೆ; ಶಾಲೆಯ ಮನೆಯನ್ನು ಊರವರೇ ಒದಗಿಸತಕ್ಕದ್ದು; ಹೊಸಬರನ್ನು ಹೊರಗಿನಿಂದ ತರುವುದಕ್ಕೆ ಬದಲಾಗಿ ಹಳ್ಳಿಯ ಐಗಳನ್ನೇ ಆರಿಸಿ, ತರಬೇತು ಕೊಟ್ಟು, ಮರಳಿ ಊರಿಗೆ ಕಳುಹಿಸತಕ್ಕದ್ದು; ಪಾಠವು ಕನ್ನಡದಲ್ಲಿಯೇ ನಡೆಯತಕ್ಕದ್ದು. ಮೇಲಿನಿಂದ ಹೇರಿದುದು ನಿಲ್ಲಲಾರದು, ಊರು ತನ್ನದೆಂದು ತಿಳಿದುದು ಮಾತ್ರ ನಿಲ್ಲುವುದೆಂಬ ವಿವೇಕವು ಈ ಏರ್ಪಾಟಿನಲ್ಲಿ ಕಾಣುತ್ತದೆ.

ಹೀಗೆ ಸಂಚರಿಸುವಾಗ ಮಾರ್ಗದ ಬದಿಯಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಂತಿದ್ದ ಶಿಲಾಶಾಸನಗಳು ಅವರ ಮನಸ್ಸನ್ನು ಸೆಳೆದವು. 1879ರಲ್ಲಿ ಮೈಸೂರಿನ ಶಾಸನಗಳ ಅನುವಾದವನ್ನು ಪ್ರಕಟಿಸಿದರು. 1881ರಲ್ಲಿ ಸಂಸ್ಥಾನದ ಸುಮಾರು 42 ಲಕ್ಷ ಜನರ ಗಣತಿಯ ಹೊಣೆಯೂ ಅವರದಾಯಿತು. ತರುವಾಯ ಪಂಡಿತರ ಸಹಾಯದಿಂದ ಸುಮಾರು 9000 ಶಾಸನಗಳನ್ನು ಸಂಗ್ರಹಿಸಿ, ಎಪಿಗ್ರಾಫಿಯ ಕರ್ನಾಟಿಕ ಎಂಬ ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1905ರಲ್ಲಿ ಹೊರಬಂದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ದೇವನಹಳ್ಳಿ ತಾಲ್ಲೂಕಿನ ಕಲ್ಲುಗಳೂ ಅದರಲ್ಲಿ ಸೇರಿವೆ.

ಇವುಗಳಲ್ಲಿ ಬಳ್ಳಿಗಾವೆಯ ಕೋಡಿಯ ಮಠದ 1162ನೆಯ ಇಸವಿಯ ಶಾಸನವನ್ನು ನಾವು ವಿಶೇಷವಾಗಿ ನೆನೆಯಬೇಕು. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ಅಷ್ಟೇ ಅಲ್ಲದೆ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಧರ್ಮವಿದ್ಯೆಯು ಗ್ರಂಥದಲ್ಲಿ ಮುಗಿಯದೆ ನೆರೆಯವನ ಹಸಿವಿನ ವರೆಗೆ, ಅವನ ದೇಹದ ನೋವಿನ ವರೆಗೆ ಹೋಗತಕ್ಕದ್ದೆಂಬುದನ್ನು ಈ ನಾಡು ಅಷ್ಟು ಹಿಂದೆಯೇ ಅರಿತಿತ್ತು. ಉಪದೇಶಿಗಳ ಮಗನು ಆ ಕಲ್ಲನ್ನು ಓದಿ ಲೋಕಕ್ಕೆ ತಿಳಿಸಿದುದು ನಮಗೆ ಸಂತೋಷದ ಸಂಗತಿ.

ಆದರೆ ಹಿರಿಯರ ಜೀವಿತವನ್ನು ಬರೆಯುವಾಗ ಕೊರತೆಯನ್ನು ಮರೆಮಾಡಬಾರದು. ಹೋಬಳಿ ಶಾಲೆಗಳ ಮಣೆಯ ಮೇಲೆ ಕುಳಿತವರು ಬಹುಮಟ್ಟಿಗೆ ಗಂಡುಮಕ್ಕಳೇ. ತಾಯಿಯು ಹೆಣ್ಣುಮಕ್ಕಳಿಂದ ಆರಂಭಿಸಿದ ಕೆಲಸವು, ಮಗನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಗುವಿನ ಬಳಿಗೆ ಬೇಗನೆ ತಲಪಲಿಲ್ಲ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ ತೆರೆದ ಮೇಲೂ, 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದ ಮೇಲೂ, ಹಳ್ಳಿಯ ಹುಡುಗಿಯು ಬಹುಕಾಲ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆಯ ಬಾಗಿಲ ಹೊರಗೇ ನಿಂತಿದ್ದಳು.

ಇದರಿಂದ ಆದ ನಷ್ಟವು ಬರಿಯ ಅಕ್ಷರದ ನಷ್ಟವಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗುಮಾರಿ ಬಂತು. ಇಕ್ಕಟ್ಟಾದ ಕೇರಿಗಳಲ್ಲಿ, ಕಸದ ರಾಶಿಯ ಬಳಿಯಲ್ಲಿ, ಇಲಿ ಹೊಕ್ಕ ಕಣಜಗಳಲ್ಲಿ ರೋಗವು ಮನೆ ಮಾಡಿತು. ಅಧಿಕಾರಿಗಳು ಮನೆಗಳನ್ನು ಬರಿದು ಮಾಡಿಸಿದರು. ಜನರು ಬೆದರಿ ಊರು ಬಿಟ್ಟು ಬಯಲಿಗೆ ಹೋದರು. ಆಜ್ಞೆಯು ಒಂದು ದಿನದ ಮಟ್ಟಿಗೆ ಬೀದಿಯನ್ನು ಗುಡಿಸೀತು; ದಿನದಿನವೂ ಗುಡಿಸುವ ಕೈಯು ಮನೆಯಾಕೆಯದು. ಆ ಕೈಗೆ ತಿಳಿವಳಿಕೆಯನ್ನು ಮುಟ್ಟಿಸದೆ ಊರಿಗೆ ಆರೋಗ್ಯವನ್ನು ತರುವುದು ಹೇಗೆ?

ರೈಸ್ ಸಾಹೇಬರು 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಕನ್ನಡ ನಾಡಿನ ಚರಿತ್ರೆಯನ್ನು ಬಿಡದೆ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು 1909ರಲ್ಲಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ರಂದು, ತೊಂಬತ್ತು ತುಂಬುವುದಕ್ಕೆ ಒಂದು ವಾರ ಉಳಿದಿರುವಾಗ, ಹ್ಯಾರೋ ಎಂಬಲ್ಲಿ ದೈವಾಧೀನರಾದರು.

ಈಗ ಕುಂದಾಣದ ಕಡೆಗೆ ಮತ್ತೆ ನೋಡೋಣ. ಇಂದು ಅಲ್ಲಿಯ ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಾರೆ. 2008ರಿಂದ ದೇವನಹಳ್ಳಿಯ ಬಳಿ ವಿಮಾನಗಳು ಇಳಿಯುತ್ತಿವೆ. ಪಟ್ಟಣವು ಹಳ್ಳಿಯ ಬಾಗಿಲಿಗೆ ಬಂದಿದೆ. ನಮ್ಮ ಅಜ್ಜಿಯರ ಮನೆಯಲ್ಲಿ ಬಿಸಾಡುವ ಪದಾರ್ಥವೇ ಕಡಮೆಯಿತ್ತು. ಮುಸುರೆ ಕಲಗಚ್ಚಾಗಿ ಹಸುವಿಗೆ, ಬೂದಿ ಪಾತ್ರೆ ಬೆಳಗುವುದಕ್ಕೆ, ಬಚ್ಚಲ ನೀರು ಬಾಳೆಯ ಬುಡಕ್ಕೆ, ಸಗಣಿ ಕಸಗಳು ತಿಪ್ಪೆಗೆ, ತಿಪ್ಪೆಯ ಗೊಬ್ಬರ ರಾಗಿಯ ಹೊಲಕ್ಕೆ ಹೋಗುತ್ತಿದ್ದವು. ಈಗ ಅದೇ ತಿಪ್ಪೆಗೆ ಪ್ಲಾಸ್ಟಿಕ್ ಚೀಲವೂ ಬೀಳುತ್ತದೆ. ಗೊಬ್ಬರದೊಡನೆ ಹೊಲವನ್ನು ಸೇರುತ್ತದೆ, ಮೇಯುವ ಹಸುವಿನ ಹೊಟ್ಟೆಯನ್ನು ಸೇರುತ್ತದೆ, ಸುಟ್ಟರೆ ಮಗುವಿನ ಉಸಿರನ್ನು ಸೇರುತ್ತದೆ. ಅಜ್ಜಿಯು ಅಕ್ಷರವಿಲ್ಲದೆ ಬಲ್ಲದ್ದನ್ನು ಮೊಮ್ಮಗಳು ಅಕ್ಷರ ಕಲಿತು ಮರೆಯುವುದಾದರೆ, ಹೋಬಳಿಗೊಂದು ಶಾಲೆ ಕಟ್ಟಿದ್ದರ ಫಲವೇನು?

ಆದುದರಿಂದ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಮಾತಾಪಿತೃಗಳಲ್ಲಿಯೂ ನಮ್ಮ ವಿನಂತಿಯಿಷ್ಟೆ. ರೈಸ್ ಸಾಹೇಬರು ಶಾಲೆಯನ್ನು ಹೋಬಳಿಯ ವರೆಗೆ ತಂದರು. ಹೋಬಳಿಯಿಂದ ಮನೆಯ ವರೆಗೆ ತರತಕ್ಕ ಕೆಲಸವು ನಮಗೆ ಉಳಿದಿದೆ. ಹಸಿ ಕಸವನ್ನು ತಿಪ್ಪೆಗೂ ಒಣ ಕಸವನ್ನು ಬೇರೊಂದು ಚೀಲಕ್ಕೂ ಹಾಕುವುದನ್ನು ಮಕ್ಕಳು ತಾಯಿಯ ಕೈಯನ್ನು ನೋಡಿಯೇ ಕಲಿಯತಕ್ಕದ್ದು. ನಮ್ಮ ಬಾಗಿಲಿನ ಕಸವನ್ನು ನೆರೆಯವರ ಬಾಗಿಲಿಗೆ ತಳ್ಳಬಾರದೆಂಬುದು ನೆರೆಯವರನ್ನು ಪ್ರೀತಿಸುವ ಧರ್ಮದ ಮೊದಲ ಪಾಠವೆಂದು ನಾವು ಎಣಿಸುತ್ತೇವೆ. ಸಂಜೆಯ ಪ್ರಾರ್ಥನೆಗೆ ಮನೆಮಂದಿಯು ಕೂಡುವ ಹೊತ್ತಿನಲ್ಲಿ ಈ ಪಾಠವನ್ನೂ ನೆನೆಯುವುದಾದರೆ, ಬಹುಕಾಲದ ಹಿಂದೆ ಬೆಂಗಳೂರಿನಲ್ಲಿ ಕೆಲವೇ ಹುಡುಗಿಯರನ್ನು ಕೂಡಿಸಿಕೊಂಡು ಕುಳಿತ ಆ ತಾಯಿಯ ಶ್ರಮವೂ, ಹೋಬಳಿ ಹೋಬಳಿ ಸುತ್ತಿದ ಅವರ ಮಗನ ಶ್ರಮವೂ ನಮ್ಮ ಮನೆಗಳಲ್ಲಿ ಸಾರ್ಥಕವಾಗುವುವು.